ಹೋಟೆಲಿನಲ್ಲಿ ಕೂರಬಹುದೇ? ಒಂದು ಪ್ರಶ್ನೆಯ ಚರಿತ್ರೆ



ಕಿರುತೆರೆಯ ಮೇಲಿನ ಭಾಷಣಕ್ಕೆ ಸಿಗುವ ಸಮಯ ಬಹಳ ಕಡಿಮೆ. ಅಲ್ಲಿ ಹೇಳಲಾಗದೆ ಉಳಿದ ಮಾತುಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ವಿಷಯ ಮೇಲ್ನೋಟಕ್ಕೆ ತೀರಾ ಚಿಕ್ಕದು. ಊರಿನಲ್ಲಿ ಸಾಂಕ್ರಾಮಿಕ ರೋಗವಿರುವಾಗ ಹೋಟೆಲಿನಲ್ಲಿ ಕುಳಿತು ತಿಂಡಿ ತಿನ್ನಬಹುದೇ ಎಂಬುದು. ಇದಕ್ಕೆ ಚರಿತ್ರೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಒಂದೂವರೆ ಶತಮಾನಕ್ಕೂ ಮೀರಿದ ಚರಿತ್ರೆ ಇದಕ್ಕಿದೆ. ಆದರೆ ಮೊದಲು ನನ್ನದೇ ಒಂದು ದಿನದ ಕಥೆಯಿಂದ ಆರಂಭಿಸುತ್ತೇನೆ.

2020ರ ಜೂನ್ 8, ಸೋಮವಾರ. ಎರಡೂವರೆ ತಿಂಗಳು ಪಾರ್ಸೆಲ್ ಮಾತ್ರ ಕೊಡುತ್ತಿದ್ದ ಕರ್ನಾಟಕದ ಹೋಟೆಲುಗಳಿಗೆ ಮತ್ತೆ ಗಿರಾಕಿಗಳನ್ನು ಒಳಗೆ ಕೂರಿಸಲು ಅನುಮತಿ ಸಿಕ್ಕ ದಿನ. ನಿಮ್ಮಲ್ಲಿ ಹಲವರು ಆಗ ಪ್ರಾಥಮಿಕ ಶಾಲೆಯ ಮಕ್ಕಳು. ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ನೆನಪು ನಿಮಗಿರಬಹುದು. ಆ ವಾರ ಚಿತ್ರೀಕರಣ ಮುಗಿಸಿ ಬರುತ್ತಿದ್ದ ನಾವು ನಾಲ್ವರು ಪರಿಚಿತ ಹೋಟೆಲೊಂದರ ಮುಂದೆ ವ್ಯಾನು ನಿಲ್ಲಿಸಿದೆವು. ಬಾಗಿಲಲ್ಲಿ ಹುಡುಗನೊಬ್ಬ ಹಣೆಗೆ ಯಂತ್ರ ಹಿಡಿದು ಜ್ವರ ನೋಡುತ್ತಿದ್ದ, ಇನ್ನೊಬ್ಬ ಕೈಗೆ ಸ್ಯಾನಿಟೈಸರ್ ಹಾಕುತ್ತಿದ್ದ. ಮುಂಭಾಗದಲ್ಲಿ, ಬೀದಿಗೆ ತೆರೆದ ಜಾಗದಲ್ಲಿ, ಏಳೆಂಟು ಜನ ನಿಂತು ಕಾಫಿ ಕುಡಿಯುತ್ತಿದ್ದರು. ಒಳಗಿನ ಹವಾನಿಯಂತ್ರಿತ ಕೋಣೆಯಲ್ಲಿ ಒಂದು ಬಿಟ್ಟು ಒಂದು ಮೇಜು ಖಾಲಿ.

"ಸಾರ್, ಇಲ್ಲೇ ನಿಂತು ಕುಡಿದು ಹೋಗೋಣ" ಎಂದರು ನಮ್ಮ ಚಾಲಕರು.

ಮನೆಯಲ್ಲಿ ನನ್ನ ತಾಯಿಗೆ 70 ದಾಟಿತ್ತು, ಜೊತೆಗೆ ಸಕ್ಕರೆ ಕಾಯಿಲೆ. ನಾನು ವಿಜ್ಞಾನ ಪದವೀಧರನೆಂಬ ಹಮ್ಮಿನಲ್ಲಿಯೇ ಲೆಕ್ಕ ಹಾಕಿದೆ. ಹೊರಗೆ ಜನ ಹೆಚ್ಚು, ಒಳಗೆ ಕಡಿಮೆ. ಒಳಗೆ ಮೇಜುಗಳ ನಡುವೆ ಆರಡಿ ಅಂತರ, ಕಣ್ಣೆದುರೇ ಮೇಜು ಒರೆಸುತ್ತಿದ್ದಾರೆ. "ಬೇಡ, ಒಳಗೇ ಕೂರೋಣ, ಅದೇ ಕ್ಷೇಮ" ಎಂದೆ. ಲೋಟ ಬಿಸಿನೀರಿನಲ್ಲಿ ತೊಳೆದದ್ದೇ ಎಂದು ಮಾಣಿಯನ್ನು ಎರಡು ಸಲ ಕೇಳಿದೆ. ತಲೆಯ ಮೇಲೆ ತಣ್ಣಗೆ ಬೀಸುತ್ತಿದ್ದ ಯಂತ್ರದ ಕಡೆ ಒಮ್ಮೆಯೂ ನೋಡಲಿಲ್ಲ. ಮುಕ್ಕಾಲು ಗಂಟೆ ಅಲ್ಲಿ ಕುಳಿತಿದ್ದೆವು.

ಏನೂ ಆಗಲಿಲ್ಲ. ಆದರೆ ಏನೂ ಆಗಲಿಲ್ಲ ಎಂಬ ಮಾತ್ರಕ್ಕೆ ನನ್ನ ಲೆಕ್ಕ ಸರಿಯಾಗಿತ್ತು ಎಂದಾಗುವುದಿಲ್ಲ. ತಪ್ಪಾಗಿತ್ತು ಎಂಬುದನ್ನು ತೋರಿಸುವ ವರದಿಯೊಂದು ಆ ವೇಳೆಗೆ ಪ್ರಕಟವಾಗಿ ಎರಡು ತಿಂಗಳೇ ಕಳೆದಿತ್ತು. ನಾನದನ್ನು ಓದಿರಲಿಲ್ಲ.

ಆ ವರದಿ ಚೀನಾ ದೇಶದ ಗ್ವಾಂಗ್‌ಝೌ ನಗರದ್ದು. 2020ರ ಜನವರಿ 24, ಚೀನೀಯರ ಹೊಸ ವರ್ಷದ ಹಿಂದಿನ ದಿನ. ಐದು ಅಂತಸ್ತಿನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಕಿಟಕಿಗಳಿಲ್ಲದ ಭೋಜನಶಾಲೆಯಲ್ಲಿ, 83 ಗಿರಾಕಿಗಳು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಬಡಿಸುವವರು 8 ಮಂದಿ. ಹಿಂದಿನ ದಿನವಷ್ಟೇ ವುಹಾನಿನಿಂದ ಬಂದ ಒಂದು ಕುಟುಂಬ ನಡುವಿನ ಮೇಜಿನಲ್ಲಿತ್ತು. ಅದರ ಎರಡು ಬದಿಗೆ ಒಂದಕ್ಕೊಂದು ಪರಿಚಯವೇ ಇಲ್ಲದ ಬೇರೆ ಎರಡು ಕುಟುಂಬಗಳು. ಮೇಜುಗಳ ನಡುವೆ ಸುಮಾರು ಒಂದು ಮೀಟರ್ ಅಂತರ. ವುಹಾನಿನಿಂದ ಬಂದವರಲ್ಲಿ ಒಬ್ಬರಿಗೆ ಅಂದೇ ಜ್ವರ ಕಾಣಿಸಿಕೊಂಡಿತು. ಫೆಬ್ರವರಿ 5ರ ವೇಳೆಗೆ ಈ ಮೂರು ಕುಟುಂಬಗಳಲ್ಲಿ ಒಟ್ಟು 10 ಮಂದಿಗೆ ಸೋಂಕು ತಗಲಿತ್ತು. ಉಳಿದ 73 ಗಿರಾಕಿಗಳಲ್ಲಿ ಒಬ್ಬರಿಗೂ ಕಾಯಿಲೆ ಬರಲಿಲ್ಲ. ಮೇಜಿನಿಂದ ಮೇಜಿಗೆ ಓಡಾಡಿ ಬಡಿಸಿದ 8 ಮಂದಿಗೂ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅಡುಗೆಯಿಂದ ರೋಗ ಬಂದಿದ್ದರೆ ಅದೇ ಅಡುಗೆಯನ್ನು ಉಂಡವರು ಇನ್ನೂ ಅನೇಕರಿದ್ದರು. ತಟ್ಟೆ ಲೋಟಗಳಿಂದ ಬಂದಿದ್ದರೆ ಅವುಗಳನ್ನು ಎತ್ತಿದ ಮಾಣಿಗಳು ಮೊದಲು ಮಲಗಬೇಕಿತ್ತು. ಹಾಗಾದರೆ ಆ ಮೂರೇ ಮೇಜುಗಳನ್ನು ಬೆಸೆದದ್ದು ಯಾವುದು? ಒಂದು ಹವಾನಿಯಂತ್ರಕ. ಗೋಡೆಯ ಆ ಬದಿಯ ಯಂತ್ರದಿಂದ ಹೊರಟ ಗಾಳಿ ಮೂರೂ ಮೇಜುಗಳನ್ನು ಹಾದು ಹೋಗಿ, ಮತ್ತೆ ಅದೇ ಯಂತ್ರಕ್ಕೆ ಮರಳುತ್ತಿತ್ತು. ಒಂದು ಬದಿಯ ಕುಟುಂಬ 53 ನಿಮಿಷ, ಇನ್ನೊಂದು ಬದಿಯದು 73 ನಿಮಿಷ ಆ ಗಾಳಿಯನ್ನು ರೋಗಿಯ ಜೊತೆ ಹಂಚಿಕೊಂಡಿದ್ದವು.

ಕುತೂಹಲದ ಸಂಗತಿಯೆಂದರೆ, ಈ ವರದಿಯನ್ನು ಬರೆದ ವಿಜ್ಞಾನಿಗಳೇ ಇದನ್ನು ಗಾಳಿಯಿಂದ ಹರಡಿದ ರೋಗ ಎನ್ನಲು ಹಿಂಜರಿದರು. ಉಗುಳಿನ ಹನಿಗಳನ್ನು ಯಂತ್ರದ ಗಾಳಿ ತಳ್ಳಿತು ಎಂದಷ್ಟೇ ಬರೆದರು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಯುಗುಓ ಲೀ ಮತ್ತು ಸಂಗಡಿಗರು ಮುಂದೆ ಅದೇ ಭೋಜನಶಾಲೆಯ ಗಾಳಿಯ ಹರಿವನ್ನು ಅಳೆದು ನೋಡಿದರು. ಒಳಗಿನ ಗಾಳಿಯನ್ನು ಹೊರಹಾಕುವ ಫ್ಯಾನುಗಳನ್ನು ನಿಲ್ಲಿಸಲಾಗಿತ್ತು, ಹೊರಗಿನ ಹೊಸ ಗಾಳಿ ಒಳಗೆ ಬರುತ್ತಲೇ ಇರಲಿಲ್ಲ ಎನ್ನಬಹುದು. ತೇಲಾಡುವ ಅತಿ ಸೂಕ್ಷ್ಮ ಕಣಗಳಿಂದಲೇ ರೋಗ ಹರಡಿರಬೇಕೆಂದು ಅವರು ವಾದಿಸಿದರು.

ಮೊದಲನೆಯವರು ಹಿಂಜರಿದದ್ದೇಕೆ? ಚರಿತ್ರೆ ನಮಗೆ ಬೇಕಾಗುವುದು ಇಲ್ಲಿಯೇ. ಇದಕ್ಕಾಗಿ ನಾವು 1854ರ ಲಂಡನ್ನಿಗೆ ಹೋಗಬೇಕು.

ಆ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾ ಭುಗಿಲೆದ್ದಿತು. ಡಾಕ್ಟರ್ ಜಾನ್ ಸ್ನೋ ಮನೆ ಮನೆ ಸುತ್ತಿ, ಸತ್ತವರೆಲ್ಲ ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರು ಕುಡಿದವರೇ ಎಂದು ಹುಡುಕಿದ ಕಥೆಯನ್ನು ನೀವು ಪಾಠದಲ್ಲಿ ಓದಿರಬಹುದು. ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಬ್ಬ ಸಾಕ್ಷಿ ಆ ಕಥೆಯಲ್ಲಿದ್ದಾಳೆ. ಆ ಬೀದಿಯ ಹತ್ತಿರ ಕಾಫಿ ಅಂಗಡಿ ನಡೆಸುತ್ತಿದ್ದ ಹೆಂಗಸು. ಕೈಕಸುಬಿನ ಕೂಲಿಗಾರರು ಮಧ್ಯಾಹ್ನದ ಊಟಕ್ಕೆ ಅವಳಲ್ಲಿಗೆ ಬರುತ್ತಿದ್ದರು. ಊಟದ ಜೊತೆ ಅದೇ ಪಂಪಿನ ನೀರನ್ನು ಇಡುತ್ತಿದ್ದಳು. ತನ್ನ ಗಿರಾಕಿಗಳಲ್ಲಿ ಒಂಬತ್ತು ಜನ ಆಗಲೇ ಸತ್ತಿರುವುದು ತನಗೆ ಗೊತ್ತಾಗಿದೆಯೆಂದು ಸೆಪ್ಟೆಂಬರ್ 6ರಂದು ಅವಳು ಸ್ನೋಗೆ ಹೇಳಿದಳು. ಎರಡು ದಿನಗಳ ನಂತರ ಪಂಪಿನ ಹಿಡಿಯನ್ನು ಕಳಚಲಾಯಿತು. ಆ ಒಂಬತ್ತು ಜನ ಸಾಯುವ ಮುನ್ನ ಏನನ್ನು ನೋಡಿ ಅವಳ ಅಂಗಡಿಗೆ ಹೋಗಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಕಾಲದ ವೈದ್ಯರಲ್ಲಿ ಬಹುಪಾಲು ಜನ ಕಾಲರಾ ಕೆಟ್ಟ ಗಾಳಿಯಿಂದ, ದುರ್ವಾಸನೆಯಿಂದ ಬರುತ್ತದೆಂದು ನಂಬಿದ್ದರು. ದುರ್ನಾತವಿಲ್ಲದ ಅಂಗಡಿಯೆಂದರೆ ಕ್ಷೇಮದ ಅಂಗಡಿ. ಎಲ್ಲರೂ ಗಾಳಿಯನ್ನು ಮೂಸಿ ನೋಡುತ್ತಿದ್ದರು, ಸಾವು ಲೋಟದಲ್ಲಿತ್ತು.

ಸ್ನೋ ಗೆದ್ದದ್ದು ತಡವಾಗಿ, ಅವನ ಕಾಲಾನಂತರ. ಆದರೆ ಗೆದ್ದ ಮೇಲೆ ಆ ಗೆಲುವು ಎಷ್ಟು ದೊಡ್ಡದಾಯಿತೆಂದರೆ, ರೋಗ ಗಾಳಿಯಿಂದ ಬರುತ್ತದೆ ಎಂದವರನ್ನು ಹಳೆಯ ಕಾಲದವರೆಂದು ನೋಡುವಂತಾಯಿತು. ಟೈಫಾಯ್ಡ್ ಕ್ರಿಮಿಗಳನ್ನು ಹೊತ್ತೂ ತಾನು ಆರೋಗ್ಯವಾಗಿದ್ದ ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ 1907ರಲ್ಲಿ ಸಿಕ್ಕಿಬಿದ್ದಾಗ, ಅಡುಗೆಯವರ ಕೈ ಎಷ್ಟು ಮುಖ್ಯವೆಂಬುದು ಲೋಕಕ್ಕೆ ಗೊತ್ತಾಯಿತು. 1910ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ ಚಾರ್ಲ್ಸ್ ಚಾಪಿನ್ ಒಂದು ಗ್ರಂಥ ಬರೆದು, ಸೋಂಕಿಗೆ ಸಂಪರ್ಕವೇ ಮುಖ್ಯ ಕಾರಣ, ಗಾಳಿಯ ಭಯವನ್ನು ಜನ ಬಿಡಬೇಕು ಎಂದು ಬೋಧಿಸಿದರು. ಅದರಲ್ಲೊಂದು ಒಳ್ಳೆಯ ಉದ್ದೇಶವಿತ್ತು. ಗಾಳಿಗೆ ಹೆದರಿ ಕುಳಿತವರು ಕೈ ತೊಳೆಯುವುದಿಲ್ಲ ಎಂಬುದು ಅವರ ಚಿಂತೆ.

ನಮ್ಮ ಹೋಟೆಲುಗಳು ಬೆಳೆದದ್ದೂ ಇದೇ ನಂಬಿಕೆಯ ನೆರಳಿನಲ್ಲಿ. 1924ರಲ್ಲಿ ಆರಂಭವಾಗಿ ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಬೆಂಗಳೂರಿನ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳನ್ನು ನೋಡಿ ಬಂದರು. ಬಂದವರು ಪಾತ್ರೆಗಳನ್ನು ಕುದಿಬಿಸಿಯಲ್ಲಿ ಶುದ್ಧಿಗೊಳಿಸುವ ಪದ್ಧತಿಯನ್ನು ತಮ್ಮಲ್ಲಿ ತಂದರು. ಲೋಟ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುವ ನಮ್ಮ ತಂದೆ ತಾಯಂದಿರ ಅಭ್ಯಾಸ ದಡ್ಡತನವಲ್ಲ. ಅದು ಕಾಲರಾ, ಟೈಫಾಯ್ಡ್‌ಗಳನ್ನು ಕಂಡ ಜನರ ಜಾಣತನ. ಅಂದು ನಾನು ಮಾಣಿಯನ್ನು ಎರಡು ಸಲ ಕೇಳಿದ ಪ್ರಶ್ನೆಯ ಮೂಲವೂ ಅಲ್ಲೇ ಇದೆ. ಪ್ರಶ್ನೆ ಒಳ್ಳೆಯದೇ, ಆದರೆ ಅದು ಬೇರೊಂದು ರೋಗದ ಪ್ರಶ್ನೆ.

ಗಾಳಿಯ ಪರವಾಗಿ ಮಾತನಾಡಿದವರು ಇರಲಿಲ್ಲವೆಂದಲ್ಲ. ವಿಲಿಯಂ ವೆಲ್ಸ್ ಎಂಬ ವಿಜ್ಞಾನಿ 1930ರ ದಶಕದಲ್ಲೇ, ಉಸಿರಿನ ಸಣ್ಣ ಹನಿಗಳು ಕ್ಷಣದಲ್ಲಿ ಒಣಗಿ ಬಹಳ ಹೊತ್ತು ತೇಲುತ್ತಿರುತ್ತವೆ ಎಂದು ತೋರಿಸಿದ್ದರು. 1950ರ ದಶಕದಲ್ಲಿ ರಿಚರ್ಡ್ ರೈಲಿ ಅವರೊಂದಿಗೆ ಬಾಲ್ಟಿಮೋರಿನ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಯಿಲಿಗಳ ಗೂಡಿಗೆ ಹಾಯಿಸಿದರು. ಇಲಿಗಳಿಗೆ ಕ್ಷಯ ಬಂತು. ಮಧ್ಯೆ ನೇರಳಾತೀತ ಕಿರಣ ಹಾಯಿಸಿದ ಗಾಳಿಯನ್ನು ಕುಡಿದ ಇಲಿಗಳಿಗೆ ಬರಲಿಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಅಪರೂಪ. ಆದರೂ ಅದನ್ನು ಕ್ಷಯಕ್ಕೆ ಮೀಸಲಿಟ್ಟು ಉಳಿದ ರೋಗಗಳಿಗೆ ಚಾಪಿನ್ನರ ಪಾಠವನ್ನೇ ಮುಂದುವರಿಸಿದರು.

ಆದ್ದರಿಂದಲೇ 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲ ಎಂದು ಖಡಾಖಂಡಿತವಾಗಿ ಸಾರಿತು. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಗಾಳಿಯ ಕಡೆ ಗಮನ ಕೊಡಿ ಎಂದು ಒತ್ತಾಯಿಸಿದರು. ಗಾಳಿಯಾಡದ, ಜನ ಕಿಕ್ಕಿರಿದ ಒಳಾಂಗಣಗಳಲ್ಲಿ ಈ ರೋಗ ಗಾಳಿಯಲ್ಲಿ ತೇಲಿ ಹರಡಬಲ್ಲದೆಂದು ಸಂಸ್ಥೆ ತನ್ನ ಸಾರ್ವಜನಿಕ ಪುಟದಲ್ಲಿ ಸ್ಪಷ್ಟವಾಗಿ ಬರೆದದ್ದು 2021ರ ಏಪ್ರಿಲ್ ಕೊನೆಗೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಎರಡನೆಯ ಅಲೆ ಎದ್ದಾಗಿತ್ತು.

ಹಾಗೆಂದು 2020ರ ಜೂನಿನಲ್ಲಿ ನಮಗೆ ಕೊಟ್ಟ ನಿಯಮಗಳಲ್ಲಿ ಗಾಳಿಯ ಮಾತೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅರ್ಧದಷ್ಟು ಆಸನ, ಆರಡಿ ಅಂತರ, ಬಳಸಿ ಬಿಸಾಡುವ ಮೆನು ಕಾರ್ಡು ಇವುಗಳ ಜೊತೆಗೆ, ಹವಾನಿಯಂತ್ರಕದ ಉಷ್ಣತೆ 24ರಿಂದ 30 ಡಿಗ್ರಿ ಇರಲಿ, ಹೊರಗಿನ ಗಾಳಿ ಸಾಧ್ಯವಾದಷ್ಟು ಬರಲಿ ಎಂದೂ ಹೇಳಿತ್ತು. 65 ವರ್ಷ ಮೀರಿದವರು ಮನೆಯಲ್ಲೇ ಇರಲಿ ಎಂಬ ಸಲಹೆಯೂ ಅದರಲ್ಲಿತ್ತು. ಆದರೆ ಕಣ್ಣಿಗೆ ಕಾಣುವ ನಿಯಮ ಮಾತ್ರ ಜಾರಿಗೆ ಬರುತ್ತದೆ. ಮೇಜು ಒರೆಸುವುದು ಗಿರಾಕಿಗೆ ಕಾಣುತ್ತದೆ, ಕ್ಯಾಮೆರಾಕ್ಕೂ ಕಾಣುತ್ತದೆ. ಆ ವಾರ ನಾವೇ ಚಿತ್ರೀಕರಿಸಿದ ದೃಶ್ಯಗಳಲ್ಲಿ ಸ್ಯಾನಿಟೈಸರ್ ಇತ್ತು, ಉಷ್ಣಮಾಪಕವಿತ್ತು, ನೆಲದ ಮೇಲೆ ಬಳಿದ ವೃತ್ತಗಳಿದ್ದವು. ತೆರೆದ ಕಿಟಕಿಯ ಒಂದು ಚಿತ್ರವೂ ಇರಲಿಲ್ಲ. ಈ ಕೊರತೆಯಲ್ಲಿ ನಮ್ಮ ವೃತ್ತಿಯ ಪಾಲೂ ಇದೆ.

ಅತ್ತ ಜಪಾನ್ ಬೇರೆ ದಾರಿ ಹಿಡಿದಿತ್ತು. ಅಲ್ಲಿಯ ತಜ್ಞರು ಒಬ್ಬ ರೋಗಿಯಿಂದ ಯಾರಿಗೆ ಹರಡಿತು ಎನ್ನುವುದಕ್ಕಿಂತ, ಹತ್ತಾರು ಜನರಿಗೆ ಒಟ್ಟಿಗೆ ಎಲ್ಲಿ ತಗಲಿತು ಎಂದು ಹಿಂದಕ್ಕೆ ಹೋಗಿ ಹುಡುಕಿದರು. ಮುಚ್ಚಿದ ಜಾಗ, ಜನಜಂಗುಳಿ, ಹತ್ತಿರದಿಂದ ಮಾತು ಈ ಮೂರನ್ನು ತಪ್ಪಿಸಿ ಎಂದು ಮಾರ್ಚ್ ತಿಂಗಳಲ್ಲೇ ಜನರಿಗೆ ಹೇಳಿದರು. ಹೋಟೆಲಿನಲ್ಲಿ ಮೂರೂ ಸೇರುತ್ತವೆ, ಜೊತೆಗೆ ಬಾಯಿಯ ಮಾಸ್ಕನ್ನು ತೆಗೆಯಲೇಬೇಕು. ದಕ್ಷಿಣ ಕೊರಿಯಾದ ಜೆಒನ್‌ಜು ನಗರದ ಭೋಜನಶಾಲೆಯೊಂದರಲ್ಲಿ ಅದೇ ಜೂನಿನಲ್ಲಿ, ಆರೂವರೆ ಮೀಟರ್ ದೂರದಲ್ಲಿ ಕೇವಲ ಐದು ನಿಮಿಷ ಗಾಳಿ ಹಂಚಿಕೊಂಡವರಿಗೆ ಸೋಂಕು ತಗಲಿದ್ದನ್ನು ಅಲ್ಲಿಯ ಸಂಶೋಧಕರು ಪತ್ತೆ ಮಾಡಿದರು. ನಾನು ನಂಬಿದ್ದ ಆರಡಿ ಎಂದರೆ ಎರಡು ಮೀಟರಿಗೂ ಕಡಿಮೆ!

ಇನ್ನು ಬ್ರಿಟನ್ನಿನ ಕಥೆ. 2020ರ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರ ಸೋಮವಾರದಿಂದ ಬುಧವಾರದವರೆಗೆ ಹೊರಗೆ ಕುಳಿತು ಉಂಡವರ ಬಿಲ್ಲಿನ ಅರ್ಧ ಹಣವನ್ನು, ತಲೆಗೆ 10 ಪೌಂಡ್ ಮಿತಿಯೊಳಗೆ, ತಾನೇ ಕೊಟ್ಟಿತು. ಪಾರ್ಸೆಲಿಗೆ ಈ ರಿಯಾಯಿತಿ ಇರಲಿಲ್ಲ. ತಮಗೆ ಈ ಯೋಜನೆಯನ್ನು ಮೊದಲೇ ತಿಳಿಸಿರಲಿಲ್ಲವೆಂದು ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿದ್ದ ಪ್ಯಾಟ್ರಿಕ್ ವ್ಯಾಲನ್ಸ್ 2023ರಲ್ಲಿ ವಿಚಾರಣಾ ಆಯೋಗದ ಮುಂದೆ ಹೇಳಿದರು. ಯೋಜನೆ ರೂಪಿಸಿದ ರಿಷಿ ಸುನಕ್ ಮಾತ್ರ ಲಕ್ಷಾಂತರ ಜನರ ಕೆಲಸ ಉಳಿಸಬೇಕಿತ್ತು ಎಂದು ಅದನ್ನು ಸಮರ್ಥಿಸಿಕೊಂಡರು. ಅವರನ್ನು ಸುಲಭವಾಗಿ ಬಯ್ಯಬೇಡಿ. ನಮ್ಮ ಊರಿನಲ್ಲೂ ಕುಂದಾಪುರ, ಉಡುಪಿ, ಹಾಸನದ ಕಡೆಯ ಹುಡುಗರು ಕೆಲಸವಿಲ್ಲದೆ ಊರಿಗೆ ಮರಳಿದ್ದನ್ನು ನಾನು ಕಂಡಿದ್ದೇನೆ. ಹೋಟೆಲಿಗೆ ಹೋಗದಿರುವುದಕ್ಕೂ ಒಬ್ಬರು ಬೆಲೆ ತೆತ್ತರು.

ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 314 ಜನರ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಕೋವಿಡ್ ಇದ್ದವರಲ್ಲಿ ಹಿಂದಿನ ಎರಡು ವಾರ ಹೋಟೆಲಿನಲ್ಲಿ ಉಂಡಿರುವ ಸಂಭವ, ಇಲ್ಲದವರಿಗಿಂತ ಸುಮಾರು ಎರಡರಷ್ಟು. ಅಂಗಡಿಗೆ ಹೋಗುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಇದರ ಕೊರತೆಯನ್ನೂ ಗಮನಿಸಬೇಕು. ಒಳಗೆ ಕುಳಿತಿದ್ದಿರೋ ಹೊರಗೋ ಎಂದು ಆ ಸಮೀಕ್ಷೆ ಕೇಳಿಯೇ ಇರಲಿಲ್ಲ. ಕೇಳಬೇಕಿದ್ದ ಮುಖ್ಯ ಪ್ರಶ್ನೆಯೇ ಅದು.

ಆ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ 1983ರಿಂದಲೂ ಕಣ್ಣೆದುರೇ ಇತ್ತೆಂಬುದು ನನಗೆ ಈಗ ಹೊಳೆಯುತ್ತದೆ. ಆ ವರ್ಷ ಜಯನಗರದಲ್ಲಿ ಆರಂಭವಾದ ದರ್ಶಿನಿ ಮಾದರಿಗೆ ಗೋಡೆಯ ಆಡಂಬರವಿಲ್ಲ, ಕುರ್ಚಿಯಿಲ್ಲ. ಮುಂಭಾಗ ಪೂರ್ತಿ ಬೀದಿಗೆ ತೆರೆದದ್ದು, ಹತ್ತು ನಿಮಿಷದಲ್ಲಿ ತಿಂದು ಹೊರಡಬೇಕು. ಕಡಿಮೆ ಬಾಡಿಗೆ, ಬೇಗ ಬೇಗ ವ್ಯಾಪಾರ ಎಂಬ ಲೆಕ್ಕದಲ್ಲಿ ಹುಟ್ಟಿದ್ದಿರಬಹುದು. ಆದರೆ ಗಾಳಿಯ ಲೆಕ್ಕದಲ್ಲಿ, ಮೇಜಿಗೆ ನಾಲ್ಕು ಜನ ಆತುಕೊಂಡು ನಿಂತರೆ ಬೇರೆ ಮಾತು, ಅದು ಹವಾನಿಯಂತ್ರಿತ ಕೋಣೆಗಿಂತ ಎಷ್ಟೋ ಪಾಲು ಮೇಲು. ನಮ್ಮ ಚಾಲಕರು ಹೇಳಿದ್ದೇ ಸರಿಯಾಗಿತ್ತು.

ನಿಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಮಾಪಕವಿದ್ದರೆ ಒಂದು ಪ್ರಯೋಗ ಮಾಡಿ ನೋಡಿ. ಹೊರಗೆ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ತೋರಿಸುತ್ತದೆ. ತರಗತಿಯ ಕಿಟಕಿ ಮುಚ್ಚಿ ಒಂದು ಪಾಠ ಮುಗಿಯುವವರೆಗೆ ಕಾಯಿರಿ. ಏರಿದ ಅಂಕಿಯೆಲ್ಲ ಒಬ್ಬರು ಬಿಟ್ಟು ಇನ್ನೊಬ್ಬರು ಎಳೆದುಕೊಂಡ ಉಸಿರಿನ ಗುರುತು.

ಎರಡನೆಯ ಅಲೆಯ ಬೀಗ ತೆರೆದು 2021ರ ಜೂನ್ ಕೊನೆಯಲ್ಲಿ ನಾನು ಮತ್ತೆ ಅದೇ ಹೋಟೆಲಿಗೆ ಹೋದೆ. ತಾಯಿಗೆ ಅಷ್ಟರಲ್ಲಿ ಲಸಿಕೆಯಾಗಿತ್ತು. ಒಳಗಿನ ಕೋಣೆಯ ಕಿಟಕಿ ತೆರೆಯಬಹುದೇ ಎಂದು ಮಾಲೀಕರನ್ನು ಕೇಳಿದೆ.

"ಎಸಿ ಹಾಕಿಸಿದಾಗ ಮೊಳೆ ಹೊಡೆದಿದ್ದು ಸಾರ್, ತೆಗೆದ್ರೆ ಧೂಳು ಬರುತ್ತೆ" ಎಂದರು ಅವರು. ಆಮೇಲೆ ಏನನ್ನಿಸಿತೋ, ಹುಡುಗನನ್ನು ಕರೆದು ಒಂದು ಮೇಜನ್ನು ಹೊರಗಿನ ಹೊಂಗೆ ಮರದಡಿ ಹಾಕಿಸಿದರು. ಕಾಫಿ ಬರುವಷ್ಟರಲ್ಲಿ ಮೇಜಿನ ಮೇಲೆ ನಾಲ್ಕು ಹೊಂಗೆ ಎಲೆ ಉದುರಿದ್ದವು. ಹುಡುಗ ಬಂದು ಅಭ್ಯಾಸದಂತೆ ಮೇಜನ್ನು ಸ್ಯಾನಿಟೈಸರಿನಿಂದ ಒರೆಸಿ ಹೋದ.