ಪರದೇಶಿ ಸಿನಗಾಗ್, ಮಟ್ಟಾಂಚೇರಿ

ಕೇರಳದ ಕೊಚ್ಚಿ ನಗರದ ಮಟ್ಟಾಂಚೇರಿಯಲ್ಲಿರುವ ಯೆಹೂದಿ ಪ್ರಾರ್ಥನಾಲಯ. 1568ರಲ್ಲಿ ಕಟ್ಟಿದ್ದು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೆಲೆ ಕಳೆದುಕೊಂಡವರೂ ಪಶ್ಚಿಮ ಏಷ್ಯಾದಿಂದ ವ್ಯಾಪಾರಕ್ಕೆ ಬಂದವರೂ ಸೇರಿ ಕಟ್ಟಿಕೊಂಡದ್ದರಿಂದ ಈ ಹೆಸರು. ಸಂಸ್ಥಾಪಕರೆಂದು ಸ್ಯಾಮ್ಯುಯೆಲ್ ಕಾಸ್ಟಿಯೆಲ್, ಡೇವಿಡ್ ಬೆಲೀಲಾ, ಜೋಸೆಫ್ ಲೆವಿ ಅವರ ಹೆಸರು ಹೇಳುವುದು ರೂಢಿ.

ಇವರು ಬರುವ ಹೊತ್ತಿಗೆ ಮಲಬಾರಿನ ಯೆಹೂದ್ಯರು ಅಲ್ಲಿ ನೆಲೆನಿಂತು ಶತಮಾನಗಳೇ ಕಳೆದಿದ್ದವು. ಚೇರ ಅರಸ ಭಾಸ್ಕರ ರವಿ ಕ್ರಿ.ಶ. 1000ರ ಸುಮಾರಿಗೆ ಜೋಸೆಫ್ ರಬ್ಬಾನ್ ಎಂಬ ಮುಖಂಡನಿಗೆ ಹಗಲುದೀಪ, ಪಲ್ಲಕ್ಕಿ, ಛತ್ರಿ ಮುಂತಾದ 72 ಮರ್ಯಾದೆಗಳನ್ನು ಕೊಟ್ಟ ತಾಮ್ರಶಾಸನ ಇದಕ್ಕೆ ಸಾಕ್ಷಿ. ಸಮುದಾಯದ ಐತಿಹ್ಯ ಅದನ್ನು ಕ್ರಿ.ಶ. 379ರದೆನ್ನುತ್ತದೆ, ಲಿಪಿ, ಭಾಷೆ ನೋಡಿದರೆ ಒಪ್ಪುವುದು ಕಷ್ಟ. ಕನ್ನಡ ಕರಾವಳಿಗೂ ಯೆಹೂದಿ ವ್ಯಾಪಾರಜಾಲದ ನಂಟಿತ್ತು. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಮಂಗಳೂರಿನಲ್ಲಿದ್ದು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅವನ ಕಾಗದಪತ್ರಗಳು ದೊರೆತದ್ದು ಕೈರೋದ ಒಂದು ಸಿನಗಾಗ್‌ನ ಉಗ್ರಾಣದಲ್ಲಿ.

1492ರಲ್ಲಿ ಸ್ಪೇನ್ ತನ್ನ ಯೆಹೂದ್ಯರನ್ನು ಹೊರಹಾಕಿತು. 1497ರಲ್ಲಿ ಪೋರ್ಚುಗಲ್ ಬಲವಂತದ ಮತಾಂತರಕ್ಕೆ ಇಳಿಯಿತು. ತಪ್ಪಿಸಿಕೊಂಡು ಕೊಚ್ಚಿ ಸೇರಿದವರಿಗೆ ಇಲ್ಲಿಯೂ ಕಾಡಿದ್ದು ಪೋರ್ಚುಗೀಸರೇ. ಕೊಚ್ಚಿಯ ರಾಜ ತನ್ನ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟ. ಅರಮನೆಯ ಆವರಣದ ಭಗವತಿ ಗುಡಿಗೂ ಸಿನಗಾಗ್‌ಗೂ ನಡುವೆ ಇರುವುದು ಒಂದೇ ಗೋಡೆ. ಗೋವೆಯಿಂದ ಪೋರ್ಚುಗೀಸರ ಕಾಟ ತಾಳಲಾರದೆ ಬಂದ ಕೊಂಕಣಿ ಕುಟುಂಬಗಳೂ ಇದೇ ಮಟ್ಟಾಂಚೇರಿಯಲ್ಲಿ ನೆಲೆ ಕಂಡವು.

1662ರಲ್ಲಿ ಡಚ್ಚರು ಕೊಚ್ಚಿಗೆ ಮುತ್ತಿಗೆ ಹಾಕಿ ಹಿಮ್ಮೆಟ್ಟಿದಾಗ, ಅವರಿಗೆ ನೆರವಾದರೆಂದು ಪೋರ್ಚುಗೀಸರು ಸಿನಗಾಗ್‌ಗೆ ಬೆಂಕಿಯಿಟ್ಟರು. ಮರುವರ್ಷ ಡಚ್ಚರು ಗೆದ್ದರು. ಕಟ್ಟಡ ಮತ್ತೆ ಎದ್ದಿತು. ಈಗ ಕಾಣುವ ವೈಭವ ಬಹುಪಾಲು ಎಜೆಕಿಯೆಲ್ ರಹಬಿಯದು (1694–1771). ಸಿರಿಯಾದ ಅಲೆಪ್ಪೊ ಮೂಲದ ಮನೆತನದ ಈತ ಡಚ್ ಕಂಪನಿಯ ಪ್ರಧಾನ ವರ್ತಕ. 1760ರಲ್ಲಿ ಗಡಿಯಾರ ಗೋಪುರ ಕಟ್ಟಿಸಿದ. ಅದರ ಒಂದು ಮುಖದಲ್ಲಿ ಹೀಬ್ರೂ, ಇನ್ನೊಂದರಲ್ಲಿ ರೋಮನ್, ಮತ್ತೊಂದರಲ್ಲಿ ಮಲಯಾಳಂ ಅಂಕಿಗಳಿವೆ. ಒಳಗಿನ ನೆಲಕ್ಕೆ ಚೀನಾದ ಕ್ಯಾಂಟನ್‌ನಿಂದ ಸಾವಿರಕ್ಕೂ ಹೆಚ್ಚು ನೀಲಿ–ಬಿಳಿ ಪಿಂಗಾಣಿ ಬಿಲ್ಲೆಗಳನ್ನು ತರಿಸಿದ. ಕೈಯಿಂದ ಬಿಡಿಸಿದ ಚಿತ್ತಾರವಾದ್ದರಿಂದ ಒಂದರ ಗೆರೆ ಇನ್ನೊಂದರಂತಿಲ್ಲ. ನಡುವೆ ಹಿತ್ತಾಳೆ ಕಟಕಟೆಯ ವೇದಿಕೆ, ಮೇಲೆ ಬೆಲ್ಜಿಯಂ ಗಾಜಿನ ತೂಗುದೀಪಗಳು. ಮಹಡಿಯಲ್ಲೂ ಇನ್ನೊಂದು ವೇದಿಕೆಯಿರುವುದು ಕೇರಳದ ಸಿನಗಾಗ್‌ಗಳದೇ ಪದ್ಧತಿ. ಮೇಲ್ಮಹಡಿಯಲ್ಲಿ ಹೆಂಗಸರು ಕೂರುತ್ತಿದ್ದರು. ತಿರುವಾಂಕೂರಿನ ಅರಸ 1805ರಲ್ಲಿ ಕಾಣಿಕೆಯಾಗಿತ್ತ ಚಿನ್ನದ ಕಿರೀಟ, ಯೆಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಯ ಒಡವೆ.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆ ಅರ್ಧವಾದೀತು. ಆಶ್ರಯ ಬೇಡಿ ಬಂದ ಪರದೇಶಿಗಳು, ತಮಗಿಂತ ಮೊದಲೇ ಇದ್ದ ಮಲಬಾರಿ ಯೆಹೂದ್ಯರನ್ನು ‘ಕರಿಯರು’ ಎಂದು ದೂರವಿಟ್ಟರು. ಅವರೊಂದಿಗೆ ಮದುವೆ ಸಂಬಂಧ ಬೆಳೆಸಲಿಲ್ಲ. ಬಿಡುಗಡೆಗೊಂಡ ಗುಲಾಮರ ಸಂತತಿಯವರು ಇದೇ ಸಿನಗಾಗ್‌ಗೆ ಬಂದರೂ ಬೆಂಚಿನಲ್ಲಿ ಕೂರುವಂತಿರಲಿಲ್ಲ, ತೋರಾ ಓದುವಂತಿರಲಿಲ್ಲ. ಜಾತಿಯ ಲೆಕ್ಕಾಚಾರ ಯೆಹೂದಿ ಧರ್ಮಶಾಸ್ತ್ರಕ್ಕಿಂತ ಬಲವಾಗಿತ್ತೆನ್ನಬೇಕು. ಆ ಬಳಗದಲ್ಲಿ ಹುಟ್ಟಿದ ವಕೀಲ ಎ.ಬಿ. ಸೇಲಂ (1882–1967) ಸಿನಗಾಗ್‌ನೊಳಗೇ ಸತ್ಯಾಗ್ರಹ ಹೂಡಿದರು. 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನದಲ್ಲಿ ಪಾಲ್ಗೊಂಡಿದ್ದ ಅವರನ್ನು ಜನ ‘ಯೆಹೂದಿ ಗಾಂಧಿ’ ಎಂದರು. ಕಟ್ಟುಪಾಡುಗಳು ಒಂದೊಂದಾಗಿ ಸಡಿಲಗೊಂಡವು. ಆದರೆ ಆ ಹೊತ್ತಿಗೆ ಊರೇ ಖಾಲಿಯಾಗತೊಡಗಿತ್ತು.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕೊಚ್ಚಿಯ ಯೆಹೂದ್ಯರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಅತ್ತ ವಲಸೆ ಹೋದರು. ಮಲಬಾರಿಗಳು ಹೆಚ್ಚೂಕಡಿಮೆ ಒಟ್ಟಾಗಿ ಹೊರಟರೆ, ಆಸ್ತಿಪಾಸ್ತಿಯಿದ್ದ ಪರದೇಶಿಗಳು ನಿಧಾನಿಸಿದರು. 1968ರ ನಾನೂರನೆಯ ವಾರ್ಷಿಕೋತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಅಂಚೆ ಇಲಾಖೆ ಸ್ಮರಣಾರ್ಥ ಚೀಟಿ ಹೊರತಂದಿತು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಸ್ಥಳೀಯರಲ್ಲಿ ಅಷ್ಟು ಜನ ಸಿಗದೆ, ಹೊರಗಿನಿಂದ ಬಂದ ಯೆಹೂದಿ ಪ್ರವಾಸಿಗರನ್ನು ಕೂಡಿಸಿಕೊಳ್ಳುವ ಸ್ಥಿತಿ ಬಂತು. ಪ್ರವಾಸಿಗರಿಗೆ ಪ್ರವೇಶವುಂಟು, ಚಪ್ಪಲಿ ಹೊರಗೆ ಬಿಡಬೇಕು, ಶನಿವಾರ ಬಾಗಿಲು ತೆರೆಯುವುದಿಲ್ಲ.