ಹುದುಗಿದ ಬುದ್ಧಿಹಲ್ಲು: ಪಕ್ಕದ ಹಲ್ಲು ಹಾಗೂ ದವಡೆಯ ಎಲುಬಿನ ಮೇಲೆ ಅದರ ಪರಿಣಾಮ

ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವಯಸ್ಕರ ಬಾಯಿಯಲ್ಲಿ ಸಾಮಾನ್ಯವಾಗಿ 32 ಹಲ್ಲುಗಳಿರುತ್ತವೆ. ಇವುಗಳ ಪೈಕಿ ದವಡೆಯ ಕಟ್ಟಕಡೆಯಲ್ಲಿ, 17ರಿಂದ 25 ವರ್ಷಗಳ ನಡುವೆ ಮೂಡುವ ಮೂರನೆಯ ದವಡೆಹಲ್ಲನ್ನು ಬುದ್ಧಿಹಲ್ಲು ಎನ್ನಲಾಗುತ್ತದೆ. ಇದು ಮೂಡುವ ವೇಳೆಗೆ ಉಳಿದೆಲ್ಲ ಹಲ್ಲುಗಳು ತಮ್ಮ ಸ್ಥಾನ ಪಡೆದಿರುವುದರಿಂದ ಅನೇಕರಲ್ಲಿ ಸ್ಥಳ ಸಾಲದೆ, ಹಲ್ಲು ಎಲುಬಿನೊಳಗೆ ಅಥವಾ ವಸಡಿನಡಿಯಲ್ಲಿ ಪೂರ್ಣವಾಗಿ ಇಲ್ಲವೇ ಭಾಗಶಃ ಸಿಕ್ಕಿಕೊಳ್ಳುತ್ತದೆ. ಇದನ್ನೇ ಹುದುಗಿದ ಹಲ್ಲು ಎನ್ನುವರು. ಕೆಳದವಡೆಯಲ್ಲಿ ಇದು ಮುಂದಕ್ಕೆ ವಾಲಿ ಎರಡನೆಯ ದವಡೆಹಲ್ಲಿಗೆ ಒರಗಿರುವುದು ಸಾಮಾನ್ಯ.

ನೋವಿಲ್ಲದಿದ್ದರೆ ತೊಂದರೆಯೂ ಇಲ್ಲವೆಂಬ ಭಾವನೆ ಹಲವರಲ್ಲಿದೆ. ಆದರೆ ಹಾನಿಯು ಅನೇಕ ವೇಳೆ ಬುದ್ಧಿಹಲ್ಲಿಗಿಂತ ಅದರ ಮುಂದಿರುವ ಉಪಯುಕ್ತ ಹಲ್ಲಿಗೆ, ಯಾವುದೇ ಸೂಚನೆ ಇಲ್ಲದೆ ಆಗುತ್ತದೆ ಎಂಬುದನ್ನು ಗಮನಿಸತಕ್ಕದ್ದು.

2. ಪಕ್ಕದ ಹಲ್ಲಿನ ಮೇಲಿನ ಪರಿಣಾಮ

ಅ) ಹುಳುಕು: ವಾಲಿದ ಬುದ್ಧಿಹಲ್ಲು ಹಾಗೂ ಎರಡನೆಯ ದವಡೆಹಲ್ಲಿನ ನಡುವೆ ಇಕ್ಕಟ್ಟಾದ ಸಂದು ಏರ್ಪಡುತ್ತದೆ. ಅಲ್ಲಿ ಸೇರಿದ ಆಹಾರದ ಕಣಗಳನ್ನು ಬ್ರಷ್ಷಿನಿಂದ ತೆಗೆಯುವುದು ಕಷ್ಟ. ಕಾಲಕ್ರಮೇಣ ಎರಡನೆಯ ದವಡೆಹಲ್ಲಿನ ಹಿಂಬದಿಯಲ್ಲಿ, ವಸಡಿನ ಮಟ್ಟದಲ್ಲಿ ಹುಳುಕು ಉಂಟಾಗುತ್ತದೆ. ಕನ್ನಡಿಯಲ್ಲಿ ಇದು ಕಾಣುವುದಿಲ್ಲ. ನೋವು ಆರಂಭವಾಗುವ ವೇಳೆಗೆ ಹುಳುಕು ಹಲ್ಲಿನ ನರದವರೆಗೆ ತಲುಪಿ, ಬೇರುನಾಳ ಚಿಕಿತ್ಸೆ ಅಥವಾ ಹಲ್ಲನ್ನೇ ಕೀಳುವುದು ಅನಿವಾರ್ಯವಾಗಬಹುದು.

ಆ) ಬೇರು ಸವೆತ: ಹುದುಗಿದ ಹಲ್ಲು ಪಕ್ಕದ ಹಲ್ಲಿನ ಬೇರಿಗೆ ತಾಗಿಕೊಂಡಿದ್ದಲ್ಲಿ, ಬೇರಿನ ಆ ಭಾಗವು ಕ್ರಮೇಣ ಕರಗಬಹುದು. ಇದು ಕ್ಷ-ಕಿರಣ ಚಿತ್ರದಲ್ಲಿ ಮಾತ್ರ ತಿಳಿದುಬರುತ್ತದೆ.

ಇ) ಮುಂದಿನ ಹಲ್ಲುಗಳು ಸೊಟ್ಟಗಾಗುವುದು: ಇದಕ್ಕೆ ಬುದ್ಧಿಹಲ್ಲಿನ ಒತ್ತಡವೇ ಕಾರಣವೆಂಬ ನಂಬಿಕೆಗೆ ಸಾಕಷ್ಟು ಆಧಾರ ದೊರೆತಿಲ್ಲ. ಈ ಕಾರಣವೊಂದರಿಂದಲೇ ಬುದ್ಧಿಹಲ್ಲು ತೆಗೆಸಬೇಕಾಗಿಲ್ಲ.

3. ಎಲುಬಿನ ಮೇಲಿನ ಪರಿಣಾಮ

ಅ) ಎಲುಬಿನ ಕ್ಷಯ: ಮೇಲೆ ತಿಳಿಸಿದ ಸಂದಿನಲ್ಲಿ ಸೋಂಕು ಉಳಿದುಕೊಂಡರೆ, ಎರಡನೆಯ ದವಡೆಹಲ್ಲಿನ ಹಿಂಭಾಗದ ಆಧಾರ ಎಲುಬು ಕುಗ್ಗುತ್ತದೆ. ಬುದ್ಧಿಹಲ್ಲನ್ನು ತೆಗೆದ ನಂತರ ಈ ಎಲುಬು ಎಳೆಯ ವಯಸ್ಸಿನವರಲ್ಲಿ ಚೆನ್ನಾಗಿ ತುಂಬಿಕೊಳ್ಳುತ್ತದೆ. ವಯಸ್ಸು ಹೆಚ್ಚಿದಂತೆ ಕೊರತೆ ಹಾಗೆಯೇ ಉಳಿಯುವ ಸಂಭವವೂ ಹೆಚ್ಚುತ್ತದೆ.

ಆ) ನೀರುಚೀಲ: ಮೂಡದಿರುವ ಹಲ್ಲಿನ ತಲೆಯ ಭಾಗವನ್ನು ಆವರಿಸಿದ ಪೊರೆಯಲ್ಲಿ ದ್ರವ ಸೇರಿ ಚೀಲವಾಗಬಹುದು. ಇದು ನೋವಿಲ್ಲದೆ ವರ್ಷಗಟ್ಟಲೆ ಬೆಳೆದು, ಎಲುಬನ್ನು ತೆಳುವಾಗಿಸಿ, ಪಕ್ಕದ ಹಲ್ಲುಗಳನ್ನು ಸ್ಥಾನಪಲ್ಲಟಗೊಳಿಸಬಲ್ಲದು. ಇದೇ ಸ್ಥಳದಲ್ಲಿ ವಿರಳವಾಗಿ ಗೆಡ್ಡೆಗಳೂ ಕಾಣಿಸಿಕೊಳ್ಳುವುದರಿಂದ, ತೆಗೆದ ಚೀಲವನ್ನು ಪ್ರಯೋಗಾಲಯ ಪರೀಕ್ಷೆಗೆ ಒಳಪಡಿಸಲಾಗುತ್ತದೆ.

ಇ) ದವಡೆಯ ಮೂಲೆಯ ದೌರ್ಬಲ್ಯ: ಹುದುಗಿದ ಹಲ್ಲು ಎಲುಬಿನ ಸ್ಥಳವನ್ನು ಆಕ್ರಮಿಸಿರುವುದರಿಂದ, ಬಲವಾದ ಪೆಟ್ಟು ಬಿದ್ದಾಗ ಕೆಳದವಡೆ ಆ ಭಾಗದಲ್ಲಿ ಮುರಿಯುವ ಸಾಧ್ಯತೆ ಹೆಚ್ಚು.

4. ಎಲ್ಲರೂ ತೆಗೆಸಬೇಕೇ?

ಇಲ್ಲ. ರೋಗಲಕ್ಷಣವಾಗಲಿ, ಪರೀಕ್ಷೆಯಲ್ಲಿ ಕಂಡ ದೋಷವಾಗಲಿ ಇಲ್ಲದ ಬುದ್ಧಿಹಲ್ಲನ್ನು ಉಳಿಸಿಕೊಳ್ಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವಂತೆ 2000ನೇ ಇಸವಿಯಲ್ಲಿ ಹೊರಡಿಸಲಾದ ಮಾರ್ಗಸೂಚಿಯು ರೋಗವಿಲ್ಲದ ಬುದ್ಧಿಹಲ್ಲುಗಳನ್ನು ತೆಗೆಯಬಾರದೆಂದು ಸೂಚಿಸಿತು. ನಂತರದ ವರ್ಷಗಳಲ್ಲಿ, ಉಳಿಸಿಕೊಂಡ ಹಲ್ಲಿನ ಮುಂದಿರುವ ಎರಡನೆಯ ದವಡೆಹಲ್ಲಿನಲ್ಲಿ ಹುಳುಕು ಹೆಚ್ಚಿರುವುದನ್ನು ಅಲ್ಲಿನ ದಂತವೈದ್ಯರು ವರದಿ ಮಾಡಿದರು. ಆದ್ದರಿಂದ ಹಲ್ಲನ್ನು ಉಳಿಸಿಕೊಳ್ಳುವವರು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯಕ.

ಪದೇ ಪದೇ ವಸಡಿನ ಸೋಂಕು, ಪಕ್ಕದ ಹಲ್ಲಿನಲ್ಲಿ ಹುಳುಕು ಅಥವಾ ಬೇರು ಸವೆತ, ಎಲುಬಿನ ಕ್ಷಯ, ನೀರುಚೀಲ ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ತೆಗೆಯಲು ಸಲಹೆ ನೀಡಲಾಗುವುದು. ಕೆಳದವಡೆಯ ಸಂವೇದನಾ ನರವು ಬೇರುಗಳ ಸಮೀಪ ಹಾದುಹೋಗುವುದರಿಂದ ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ತುಟಿ ಮತ್ತು ಗದ್ದ ಜೋಮು ಹಿಡಿಯಬಹುದು. ಇದು ಬಹುತೇಕ ತಾತ್ಕಾಲಿಕ. ವಿರಳವಾಗಿ ಶಾಶ್ವತವಾಗಿ ಉಳಿಯುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಈ ಬಗ್ಗೆ ವೈದ್ಯರನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

5. ತಪಾಸಣೆಗೆ ಬರುವವರ ಗಮನಕ್ಕೆ

ಜಿಲ್ಲಾ ಹಾಗೂ ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗದಲ್ಲಿ ಪ್ರಾಥಮಿಕ ತಪಾಸಣೆ ಮಾಡಿಸಿಕೊಳ್ಳಬಹುದು. ಅಗತ್ಯವಿದ್ದಲ್ಲಿ ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಓ.ಪಿ.ಜಿ. ಕ್ಷ-ಕಿರಣ ಚಿತ್ರಕ್ಕೆ ಅಥವಾ ಶಸ್ತ್ರಚಿಕಿತ್ಸಾ ತಜ್ಞರಲ್ಲಿಗೆ ಕಳುಹಿಸಲಾಗುವುದು. ಬರುವಾಗ ಈ ಕೆಳಕಂಡ ಅಂಶಗಳನ್ನು ಪಾಲಿಸುವುದು:

• ಹಿಂದಿನ ಕ್ಷ-ಕಿರಣ ಚಿತ್ರಗಳು ಹಾಗೂ ಚಿಕಿತ್ಸಾ ಚೀಟಿಗಳನ್ನು ತರುವುದು.
• ಮಧುಮೇಹ, ಹೃದ್ರೋಗ, ಗರ್ಭಾವಸ್ಥೆ ಇದ್ದಲ್ಲಿ ಹಾಗೂ ರಕ್ತ ತೆಳುವಾಗಿಸುವ ಅಥವಾ ಎಲುಬು ಸವೆತದ ಔಷಧಿ ಸೇವಿಸುತ್ತಿದ್ದಲ್ಲಿ ಮೊದಲೇ ತಿಳಿಸುವುದು. ಯಾವ ಔಷಧಿಯನ್ನೂ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.
• ನೋವಿಗೆ ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳಬಾರದು. ಇದರಿಂದ ವಸಡು ಸುಡುತ್ತದೆ.
• ಅಡಿಕೆ ಅಥವಾ ಗುಟ್ಕಾ ಜಗಿಯುವವರಲ್ಲಿ ಬಾಯಿ ತೆರೆಯಲಾಗದಿರುವುದಕ್ಕೆ ಬುದ್ಧಿಹಲ್ಲಲ್ಲದೆ ಬೇರೆ ಗಂಭೀರ ಕಾರಣವೂ ಇರಬಹುದಾದ್ದರಿಂದ, ಈ ಅಭ್ಯಾಸವನ್ನು ಮುಚ್ಚಿಡಬಾರದು.

6. ತುರ್ತು ಲಕ್ಷಣಗಳು

ಜ್ವರದೊಂದಿಗೆ ಕೆನ್ನೆ ಅಥವಾ ಕುತ್ತಿಗೆಯ ಊತ, ಬಾಯಿ ತೆರೆಯಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು ಕಂಡುಬಂದಲ್ಲಿ ಸೋಂಕು ಕುತ್ತಿಗೆಯ ಕಡೆಗೆ ಹರಡಿರಬಹುದು. ಇದರಿಂದ ಪ್ರಾಣಾಪಾಯವಿರುವ ಕಾರಣ, ಮರುದಿನದವರೆಗೆ ಕಾಯದೆ ಸಮೀಪದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳತಕ್ಕದ್ದು.

17ರಿಂದ 25 ವರ್ಷದೊಳಗಿನವರು ನೋವು ಇರಲಿ, ಇಲ್ಲದಿರಲಿ, ಒಮ್ಮೆ ದಂತ ತಪಾಸಣೆ ಮಾಡಿಸಿಕೊಂಡು ಪಕ್ಕದ ಹಲ್ಲನ್ನು ಸಂರಕ್ಷಿಸಿಕೊಳ್ಳಬೇಕೆಂದು ಕೋರಲಾಗಿದೆ.