ನಿಕ್ಸಿ ಟ್ಯೂಬ್ ಗಡಿಯಾರ

ಐಎನ್-12 ಟ್ಯೂಬ್‌ಗಳು, ಸೋವಿಯತ್ ಒಕ್ಕೂಟ
ಗಾಜು, ಲೋಹ, ನಿಯಾನ್ ಅನಿಲ

ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ನಿಕ್ಸಿ ಟ್ಯೂಬನ್ನು ಮಾರುಕಟ್ಟೆಗೆ ತಂದಿತು. ವೋಲ್ಟ್‌ಮೀಟರ್‌ಗಳಲ್ಲಿ, ಆರಂಭದ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್‌ಗಳಲ್ಲಿ ಅಂಕಿ ತೋರಿಸುವುದು ಅದರ ಕೆಲಸವಾಗಿತ್ತು. 1970ರ ದಶಕದಲ್ಲಿ ಎಲ್‌ಇಡಿ ಆ ಜಾಗ ಹಿಡಿಯಿತು. ಸೋವಿಯತ್ ಕಾರ್ಖಾನೆಗಳು ಆಮೇಲೂ ಇವನ್ನು ತಯಾರಿಸಿದವು. ಅಲ್ಲಿ ಬಳಕೆಯಾಗದೆ ಉಳಿದ ದಾಸ್ತಾನಿನಿಂದಲೇ ಹವ್ಯಾಸಿಗಳು ಇಂಥ ಗಡಿಯಾರಗಳನ್ನು ಕಟ್ಟುತ್ತ ಬಂದಿದ್ದಾರೆ.

ಪ್ರತಿ ಗಾಜಿನೊಳಗೆ 0ಯಿಂದ 9ರವರೆಗಿನ ಹತ್ತು ಲೋಹದ ಅಂಕಿಗಳು ಒಂದರ ಹಿಂದೊಂದು ನಿಂತಿವೆ. ಎದುರಿಗೆ ತೆಳುವಾದ ಲೋಹದ ಜಾಲರಿ. ಬೇಕಾದ ಅಂಕಿಗೂ ಜಾಲರಿಗೂ ನಡುವೆ ಸುಮಾರು 170 ವೋಲ್ಟ್ ಕೊಟ್ಟರೆ ಆ ಅಂಕಿಯನ್ನು ಸುತ್ತಿಕೊಂಡ ನಿಯಾನ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಲ್ಬಿನಂತೆ ಕಾದು ಕೆಂಪಾಗುವ ತಂತಿ ಇಲ್ಲಿಲ್ಲ, ಹೊಳೆಯುವುದು ಅನಿಲವೇ. ಬಹಳ ಕಾಲ ಉರಿಯದ ಅಂಕಿಯ ಮೇಲೆ ಲೋಹದ ಕಣಗಳು ಕೂತು ಅದರ ಬೆಳಕು ಅಲ್ಲಲ್ಲಿ ಮಾಸುತ್ತದೆ. ಅದನ್ನು ತಡೆಯಲು ಬಲ್ಲವರು ಆಗಾಗ ಎಲ್ಲ ಅಂಕಿಗಳೂ ಸರದಿಯಲ್ಲಿ ಬೆಳಗುವಂತೆ ಗಡಿಯಾರವನ್ನು ರೂಪಿಸುತ್ತಾರೆ.

5 ಬೆಳಗುವವರೆಗೆ ಒಂದಿಷ್ಟು ಕಾದು ನೋಡಿ. ಅದು ತಲೆಕೆಳಗಾಗಿ ನಿಲ್ಲಿಸಿದ 2! ಒಂದೇ ಅಚ್ಚಿನ ತುಂಡು ಎರಡು ಅಂಕಿಗಳಿಗೂ ಒದಗಿದೆ.

ಹಳೆಯ ದಾಸ್ತಾನು ಕರಗುತ್ತಿದೆ. ಆದರೆ ವಿದ್ಯೆ ಕಳೆದುಹೋಗಿಲ್ಲ: ಚೆಕ್ ಗಣರಾಜ್ಯದಲ್ಲಿ ದಾಲಿಬೋರ್ ಫಾರ್ನಿ ಅವರ ಕಾರ್ಯಾಗಾರ ಹೊಸ ನಿಕ್ಸಿ ಟ್ಯೂಬ್‌ಗಳನ್ನು ಕೈಯಿಂದಲೇ ತಯಾರಿಸುತ್ತಿದೆ.